ಕಲೆ

ಶಾರ್ಜಾದ ಖಾಲಿದ್ ಲಗೂನಿನ ಕಡೆ ಮುಖಮಾಡಿ
ಹದಿನೇಳನೇ ಮಾಳಿಗೆಯಲ್ಲಿ ನನ್ನ ಮೇಜು.
ಹಗಲೆಲ್ಲ ಕಂಟೇನರುಗಳ ಲೆಕ್ಕ,
ಲೆಕ್ಕದ ಹಾಳೆಯ ಬೆನ್ನಿಗೆ ಕವಿತೆ.
ಮನೆಮಾತು ಕೊಂಕಣಿ, ಸಂಬಳದ ಮಾತು ಇಂಗ್ಲಿಷು,
ಬರೆಯುವುದು ಮಾತ್ರ, ಯಾಕೋ, ಕನ್ನಡ.

ಎರಡು ತಿಂಗಳಿಗೊಮ್ಮೆ ಕಿಟಕಿಗೆ
ಮೊದಲು ಬೂಟು ಬರುತ್ತಿತ್ತು, ಆಮೇಲೆ ಮೊಣಕಾಲು,
ಬಕೆಟ್ಟು, ಸೊಂಟದ ಪಟ್ಟಿ, ಕೊನೆಗೆ ಮುಖ.
ಮೇಲಿಂದ ಇಳಿಯುವ ಮನುಷ್ಯ
ಹೀಗೆ ಕಂತಿನಲ್ಲಿ ಬರುತ್ತಾನೆಂದು
ನನಗೆ ಗೊತ್ತಿರಲಿಲ್ಲ.

ಬೇರೆ ಗಾಜುಗಳಿಗೆ ಎರಡೇ ಎಳೆತ.
ನನ್ನದರ ಮುಂದೆ ತೂಗುತ್ತ ನಿಂತುಬಿಡುತ್ತಿದ್ದ,
ಒಂದೇ ಜಾಗವನ್ನು ಉಜ್ಜಿ ಉಜ್ಜಿ,
ಉಗುರಿನಿಂದ ಕೆರೆದು, ನೆಟ್ಟ ನೋಟದಲ್ಲಿ ಮೀಸೆ ತಿರುವಿ.
ನಾನು ಪೆನ್ನು ಎತ್ತಿ ತೋರಿಸುತ್ತಿದ್ದೆ.
ಒಮ್ಮೆ ಅವನು ಹಲ್ಲು ಬಿಟ್ಟ.
ಅಷ್ಟು ಸಾಕಾಯಿತು:
ಹಗ್ಗದ ಗೆಳೆಯನಿಗೆ ಅರವತ್ತು ಸಾಲು,
ಒಂದೇ ರಾತ್ರಿ, ಚಿತ್ತಿಲ್ಲದೆ.

ಕೆಳಗೆ ಕುಞ್ಞಿಮೋನನ ಕೆಫೆಟೇರಿಯಾದಲ್ಲಿ
ಕರಕ್ ಚಹಾದ ಸಾಲು. ಮುಂದಿದ್ದವ ಫೋನಿಗೆ ಬೈಯುತ್ತಿದ್ದ:
"ಮೇಸ್ತ್ರಿಗೆ ರೊಕ್ಕ ಕೊಡಬ್ಯಾಡಲೇ,
ಗ್ವಾಡಿ ಸೊಟ್ಟ ಐತಿ, ಫೋಟೋದಾಗ ಕಾಣತೈತಿ!"
ಕುಷ್ಟಗಿ ಕಡೆಯ ಕನ್ನಡ. ಅದೇ ಮೀಸೆ.

ಕೈ ಹಿಡಿದುಕೊಂಡೆ: "ನಾನೇ, ಹದಿನೇಳನೇ ಮಾಳಿಗೆ!"
ಹುಲುಗಪ್ಪ ಕಪ್ಪನ್ನು ಎಡಗೈಗೆ ದಾಟಿಸಿ "ಯಾರ್ರೀ?" ಅಂದ.
"ಹೊರಗಿಂದ ಏನೂ ಕಾಣಂಗಿಲ್ರೀ ಹಗಲಾಗ. ಕನ್ನಡಿ ಅದು.
ನಮ್ಮ ಮಾರಿ ನಮಗ.
ಹಲ್ಲಾಗ ಸೊಪ್ಪು ಸಿಕ್ಕಿದ್ರ ಅಲ್ಲೇ ತಕ್ಕೋತೀವಿ."

ಅರವತ್ತು ಸಾಲು ಜೇಬಿನಲ್ಲೇ ಇದ್ದವು.
ಓದ್ರಿ ಅಂದ. ಓದಿದೆ.
ಚಹಾ ಮುಗಿಯುವವರೆಗೆ ಕೇಳಿ, ಕಪ್ಪು ಹಿಚುಕಿ, ಹೇಳಿದ:
"ಒಂದ ಹಗ್ಗ ಬರದೀರಿ. ಎರಡಿರತಾವ.
ಕೂಡೋದೊಂದು, ಕಾಯೋದೊಂದು.
ಒಂದ ಹಗ್ಗಕ್ಕ ನಮ್ಮ ಸೇಫ್ಟಿಯವ ಇಳೀಲಿಕ್ಕೇ ಬಿಡಂಗಿಲ್ಲ.
ಮತ್ತ, ಕೆಳಗ ನೋಡಿದ್ರ ಅಂಜಿಕಿ ಅಂತೀರಿ.
ಕೆಳಗೇನೈತ್ರೀ, ರೋಡು.
ಅಂಜಿಕಿ ಮ್ಯಾಲ ನೋಡಿದ್ರ.
ಗಂಟು ಅಲ್ಲಿರತೈತಿ. ಕಟ್ಟಿದಾವ ಇನ್ನೊಬ್ಬ.
ಮುಂಜಾನೆದ್ದು ಮೊದಲ ದಿಲ್‌ಮಾನನ ಕಣ್ಣು ನೋಡತೀನಿ,
ರಾತ್ರಿ ನಿದ್ದಿ ಮಾಡ್ಯಾನೋ ಇಲ್ಲೋ ಅಂತ."

ನನಗೆ ಬಹುಮಾನ ಕೊಟ್ಟವರಲ್ಲಿ ಒಬ್ಬರೂ
ನನ್ನ ಸಾಲನ್ನು ಹೀಗೆ ಎಳೆದು ನೋಡಿರಲಿಲ್ಲ.

ಆಮೇಲೆ ಶುಕ್ರವಾರಗಳು.
ಸಜಾದ ಕ್ಯಾಂಪಿನಲ್ಲಿ, ಮೇಲಿನ ಮಂಚದ ನೆರಳಲ್ಲಿ,
ನಾನೊಯ್ದ ಬಂಗುಡೆಯ ಮುಳ್ಳಿಗೆ ಅವನು ಹೆದರಿ,
ಅವನ ಕೆಂಪು ಚಟ್ನಿಗೆ ನಾನು ಹೆದರಿ,
ಹೆದರುತ್ತಲೇ ಉಂಡೆವು.

ಮೂರು ವಾರ ಮಾತೂ ಬಿಟ್ಟೆವು.
ಗಂಟಿನ ಮಾತನ್ನು ಅವನನ್ನು ಕೇಳದೆ
ಕವಿತೆಗೆ ಹಾಕಿ ಅಚ್ಚಿಗೆ ಕಳಿಸಿದ್ದೆ.
"ಹೆಸರ ಯಾಕ ಬರದ್ರಿ? ಅವನ ನೌಕರಿ ಹೋದ್ರ
ನೀವು ಗಂಟ ಕಟ್ಟತೀರೇನು?"
ಕವಿತೆ ವಾಪಸು ತರಿಸಿ ಹೆಸರು ಹೊಡೆದೆ.
(ದಿಲ್‌ಮಾನ ಅನ್ನುವುದೂ ಅವನ ಹೆಸರಲ್ಲ.)

ಜನವರಿಯ ಒಂದು ಸಂಜೆ ಕೆಲಸ ತಡವಾಗಿ
ಮಗ್ರಿಬ್ ಬಾಂಗಿನ ಹೊತ್ತಿಗೆ ಅವನ ಬೂಟು ಇಳಿಯಿತು.
ಹೊರಗಿನ ಬೆಳಕು ತಗ್ಗಿ, ಒಳಗಿನದು ಏರಿ,
ಎರಡೂ ಸಮವಾಗುವ ಹತ್ತು ನಿಮಿಷ
ಗಾಜು ಬರೀ ಗಾಜು.

ಅವನು ನನ್ನನ್ನು ಕಂಡ.
ಕೈ ಬೀಸುತ್ತಾನೆಂದು ಕಾದೆ.
ಬೆರಳು ತೋರಿಸಿದ: ಅದೇ ಜಾಗ,
ಎರಡು ವರ್ಷ ಅವನು ಉಜ್ಜಿದ ಜಾಗ,
ಸಾಲು ಹೊಳೆಯದಾಗ ನಾನು ಹಣೆ ಊರುವ ಜಾಗ.
ಎಣ್ಣೆಯ ಕಲೆ. ಒಳಗಿನದು.
ತುಟಿ ನೋಡಿ ಓದಿಕೊಂಡೆ:
"ನಿಮ್ಮ ಕಡೀದ್ರೀ ಅದು."

ಕರವಸ್ತ್ರ ತೆಗೆದು, ಬಾಯಿಯ ಹಬೆ ಊದಿ, ಒರೆಸಿದೆ.
ತಲೆಯಾಡಿಸಿದ: ಇಲ್ಲ, ಇನ್ನೂ ಎಡಕ್ಕೆ.
ಅವನ ಎಡವೋ ನನ್ನದೋ ತಿಳಿಯದೆ
ಎರಡೂ ಕಡೆ ಒರೆಸುತ್ತ ನಿಂತೆ.